ಬಾಗಿಲು ನೋಡಿ ದೇಶ ಹೇಳುವ ಊರು

ನೆದರ್ಲೆಂಡ್ಸ್‌ನ ದಕ್ಷಿಣದ ಅಂಚಿನಲ್ಲಿ, ಬೆಲ್ಜಿಯಂ ಗಡಿಯಿಂದ ಕೆಲವೇ ಕಿಲೋಮೀಟರ್ ಒಳಗೆ, ಬಾರ್ಲೆ ಎಂಬ ಸಣ್ಣ ಊರಿದೆ. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಈ ಒಂದೇ ಊರನ್ನು ಎರಡು ಪುರಸಭೆಗಳು, ಇಬ್ಬರು ಮೇಯರ್‌ಗಳು, ಎರಡು ದೇಶಗಳ ಪೊಲೀಸರು ನೋಡಿಕೊಳ್ಳುತ್ತಾರೆ. ಬೆಲ್ಜಿಯಂ ಪಾಲಿನದು ಬಾರ್ಲೆ-ಹೆರ್ಟೋಗ್, ನೆದರ್ಲೆಂಡ್ಸ್ ಪಾಲಿನದು ಬಾರ್ಲೆ-ನಾಸೌ. ಎರಡರ ನಡುವೆ ಒಂದೇ ಗೆರೆಯಿದ್ದಿದ್ದರೆ ಅದೇನು ವಿಶೇಷವಾಗುತ್ತಿರಲಿಲ್ಲ. ಇಲ್ಲಿ ಬೆಲ್ಜಿಯಂನ ನೆಲ 22 ತುಣುಕುಗಳಾಗಿ ಡಚ್ ನೆಲದ ನಡುವೆ ಚದುರಿ ಬಿದ್ದಿದೆ. ಆ ತುಣುಕುಗಳ ಹೊಟ್ಟೆಯೊಳಗೆ ಮತ್ತೆ ಏಳು ಡಚ್ ತುಣುಕುಗಳಿವೆ. ಬೆಲ್ಜಿಯಂನ ಅತಿ ದೊಡ್ಡ ತುಣುಕು ಸುಮಾರು ಒಂದೂವರೆ ಚದರ ಕಿಲೋಮೀಟರ್, ಅತಿ ಸಣ್ಣದು 2,632 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 26 ಗುಂಟೆ. ಪಾದಚಾರಿ ಹಾದಿಯ ಮೇಲಿನ ಬಿಳಿ ಗುರುತಿನ ಎರಡೂ ಬದಿಗೆ ಒಂದೊಂದು ಕಾಲಿಟ್ಟು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಬಾರ್ಲೆಯನ್ನು ಹೀಗೆ ಭೂಪಟದ ಒಂದು ತಮಾಷೆಯಾಗಿ ನೋಡಿ ಮುಂದೆ ಹೋಗುವುದೇ ರೂಢಿ. ಆದರೆ ಈ ಊರು ನಿಜವಾಗಿ ಒಂದು ಆಡಳಿತ ಸಂಸ್ಥೆ. ಗಡಿಯ ಗೆರೆ ಎಷ್ಟೇ ವಕ್ರವಾಗಿರಲಿ, ಪ್ರತಿ ಮನೆಗೂ ಹೊಣೆ ಹೊರುವ ಸರ್ಕಾರ ಯಾವುದೆಂಬುದು ಖಚಿತವಾಗಿದ್ದರೆ ಜನ ಬಾಳಬಲ್ಲರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಕಂಡಿಲ್ಲ.

ಈ ಚೂರುಗಳ ಮೂಲ 1198ರ ಒಂದು ಒಪ್ಪಂದದಲ್ಲಿದೆ. ಬ್ರಬಾಂಟ್‌ನ ಡ್ಯೂಕ್ ಒಂದನೆಯ ಹೆನ್ರಿ ಈ ಸೀಮೆಯ ನೆಲವನ್ನು ಬ್ರೆಡಾದ ಒಡೆಯನಿಗೆ ಬಿಟ್ಟುಕೊಟ್ಟ. ಆದರೆ ತನ್ನ ಒಕ್ಕಲುಗಳು ಆಗಲೇ ಉಳುಮೆ ಮಾಡಿ ಕಂದಾಯ ಕಟ್ಟುತ್ತಿದ್ದ ಜಮೀನುಗಳನ್ನು ತನ್ನಲ್ಲೇ ಉಳಿಸಿಕೊಂಡ. ಬೀಳು ಒಬ್ಬನಿಗೆ, ಸಾಗುವಳಿ ಭೂಮಿ ಇನ್ನೊಬ್ಬನಿಗೆ. ಬ್ರೆಡಾ 1403ರಲ್ಲಿ ನಾಸೌ ಮನೆತನದ ಕೈಸೇರಿತು. 1648ರ ಶಾಂತಿ ಒಪ್ಪಂದದಲ್ಲಿ ಬ್ರೆಡಾ ಡಚ್ ಗಣರಾಜ್ಯಕ್ಕೂ ಡ್ಯೂಕನ ಚೂರುಗಳು ಸ್ಪೇನ್ ಆಳುತ್ತಿದ್ದ ದಕ್ಷಿಣಕ್ಕೂ ಹೋದಾಗ ಹಳೆಯ ಕಂದಾಯದ ಎಲ್ಲೆಯೇ ಎರಡು ರಾಜ್ಯಗಳ ಗಡಿಯಾಯಿತು. 1830ರಲ್ಲಿ ಬೆಲ್ಜಿಯಂ ಬೇರೆಯಾದ ಮೇಲೆ ಗಡಿ ಗುರುತಿಸಲು ಕುಳಿತ ಅಧಿಕಾರಿಗಳಿಗೆ ಬಾರ್ಲೆಯಲ್ಲಿ ಗೆರೆ ಎಳೆಯಲಾಗಲಿಲ್ಲ. ಆದ್ದರಿಂದ 1843ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ 5,732 ಜಮೀನುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಯಾವುದು ಯಾರದು ಎಂದು ಬರೆದರು. ಉಳಿದೆಡೆ ಗಡಿಕಲ್ಲುಗಳ ಸಾಲು ಮುಂದುವರಿದರೆ ಇಲ್ಲಿ 214 ಮತ್ತು 215ನೇ ಕಲ್ಲುಗಳ ನಡುವೆ ಅದು ನಿಂತೇಹೋಯಿತು. ಆ ತೆರವು ತುಂಬಿದ್ದು 1974ರಲ್ಲಿ. ಕೊನೆಯ ತುಣುಕಿನ ಲೆಕ್ಕ ಮುಗಿದದ್ದು 1995ರಲ್ಲಿ.

ಎಂಟು ನೂರು ವರ್ಷಗಳಲ್ಲಿ ಜಗಳವೇ ಆಗಲಿಲ್ಲ ಎಂದೇನಲ್ಲ. ಒಂದು ಜಗಳವಂತೂ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಯಿತು. ಎರಡು ಪುರಸಭೆಗಳು 1841ರಲ್ಲಿ ಮುಗಿಸಿದ್ದ ಜಂಟಿ ದಾಖಲೆಯ ಪ್ರಕಾರ 78ರಿಂದ 111ರವರೆಗಿನ ಸರ್ವೆ ನಂಬರುಗಳೆಲ್ಲ ಬಾರ್ಲೆ-ನಾಸೌಗೆ ಸೇರಿದ್ದವು. 1843ರ ಒಪ್ಪಂದದ ಜೊತೆಗಿದ್ದ ಪಟ್ಟಿಯಲ್ಲಿ ಅವುಗಳ ಪೈಕಿ 91 ಮತ್ತು 92 ಮಾತ್ರ ಬೆಲ್ಜಿಯಂಗೆ ಸೇರಿದ್ದವು. ಅದು ಬರವಣಿಗೆಯ ತಪ್ಪು, ಹೇಗಿದ್ದರೂ ಒಂದು ಶತಮಾನದಿಂದ ಆ ನೆಲದಲ್ಲಿ ನಮ್ಮದೇ ಆಡಳಿತ ನಡೆದಿದೆ ಎಂಬುದು ನೆದರ್ಲೆಂಡ್ಸ್ ವಾದ. 1959ರ ಜೂನ್ 20ರಂದು ನ್ಯಾಯಾಲಯ ನಾಲ್ಕರ ವಿರುದ್ಧ ಹತ್ತು ಮತಗಳಿಂದ ಬೆಲ್ಜಿಯಂ ಪರ ತೀರ್ಪಿತ್ತಿತು. ಸ್ಥಳೀಯ ಅಧಿಕಾರಿಗಳ ದಿನನಿತ್ಯದ ಕಾಗದಪತ್ರ ವ್ಯವಹಾರ ಒಪ್ಪಂದದ ಮಾತನ್ನು ಅಳಿಸಲಾರದು ಎಂಬುದು ಅದರ ಸಾರ. ಎರಡು ಹೊಲಗಳಿಗಾಗಿ ಎರಡು ದೇಶಗಳು ಅಷ್ಟು ದೂರ ಹೋದದ್ದು ಅತಿಯೆನಿಸಬಹುದು. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ನೆಲ ಯಾರದೆಂಬ ಪ್ರಶ್ನೆಯನ್ನು ರೈತನ ಬೇಲಿಯ ಹತ್ತಿರ ದೊಣ್ಣೆ ಹಿಡಿದು ಬಗೆಹರಿಸದೆ ದಾಖಲೆ ಹಿಡಿದು ನ್ಯಾಯಾಧೀಶರ ಮುಂದೆ ಇಟ್ಟದ್ದರಿಂದ, ಅಲ್ಲಿ ವಾಸಿಸುವವರ ಬದುಕು ಆ ವ್ಯಾಜ್ಯದ ಒತ್ತೆಯಾಗಲಿಲ್ಲ.

ದಾಖಲೆ ನೆಲವನ್ನು ಹಂಚಿತು. ಆದರೆ ಮನೆಗಳು ಸರ್ವೆ ನಂಬರು ಕೇಳಿ ಎದ್ದವಲ್ಲ. ಗಡಿ ಒಂದು ಮನೆಯ ಅಡುಗೆಮನೆಯ ನಡುವೆ, ಇನ್ನೊಂದು ಅಂಗಡಿಯ ಕಪಾಟಿನ ಕೆಳಗೆ ಹಾದುಹೋಗುತ್ತದೆ. ಇದಕ್ಕೆ ಊರು ಕಂಡುಕೊಂಡ ಪರಿಹಾರವೇ ಮುಂಬಾಗಿಲಿನ ನಿಯಮ: ಮುಂಬಾಗಿಲು ಯಾವ ದೇಶದ ನೆಲದಲ್ಲಿದೆಯೋ ಮನೆಯ ವಿಳಾಸ ಆ ದೇಶದ್ದು, ನೋಂದಣಿಯೂ ಅಲ್ಲಿಯೇ. ಮನೆ ನಂಬರಿನ ಫಲಕ ನೋಡಿದರೇ ದೇಶ ಗೊತ್ತಾಗುತ್ತದೆ. ಲೋವೆರೆನ್ ಬೀದಿಯ ಒಂದು ಮನೆಯಲ್ಲಿ ಗಡಿ ಬಾಗಿಲಿನ ನಟ್ಟನಡುವೆ ಬಂದುಬಿಟ್ಟಿದೆ. ಅದಕ್ಕೆ ಎರಡು ನಂಬರು, ಒಂದು ಬದಿಗೆ 2, ಇನ್ನೊಂದು ಬದಿಗೆ 19. ಕಟ್ಟಡ ಪರವಾನಗಿಯೋ ತೆರಿಗೆಯೋ ಪಕ್ಕದ ದೇಶದಲ್ಲಿ ಅನುಕೂಲವೆನಿಸಿದರೆ ಬಾಗಿಲನ್ನೇ ಸರಿಸುವ ದಾರಿಯೂ ಇದರಿಂದ ತೆರೆದುಕೊಂಡಿತು. ಇದನ್ನು ಮೋಸವೆನ್ನುವವರಿದ್ದಾರೆ. ಆದರೆ ಬಾಗಿಲು ಎತ್ತ ಸರಿದರೂ ಆ ಮನೆ ಯಾವುದೋ ಒಂದು ದೇಶದ ಕಾನೂನಿನ ಕೆಳಗೇ ಬರುತ್ತದೆ, ಎರಡರಿಂದಲೂ ತಪ್ಪಿಸಿಕೊಳ್ಳುವುದಿಲ್ಲ. ಬೀದಿಯ ಸಂಗತಿಗಳು ಇಷ್ಟು ಸರಳವಲ್ಲ. ರಸ್ತೆ, ಚರಂಡಿ, ಬೀದಿದೀಪಗಳನ್ನು ಬಾಗಿಲು ನೋಡಿ ಹಂಚಲಾಗದು. ಹೀಗಾಗಿ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್‌ಗಳ ನಡುವಿನ 1986ರ ಬೆನೆಲಕ್ಸ್ ಒಪ್ಪಂದ ಗಡಿಯಾಚೆಗಿನ ಸ್ಥಳೀಯ ಸಂಸ್ಥೆಗಳು ಕಾನೂನುಬದ್ಧವಾಗಿ ಕೈಜೋಡಿಸಲು ಅವಕಾಶ ಕೊಟ್ಟಿತು. ಎರಡು ಪುರಸಭೆಗಳ ಜಂಟಿ ಮಂಡಳಿ ಹಾಗೆ ರೂಪುಗೊಂಡಿತು. ಗ್ರಂಥಾಲಯ, ಸಾಂಸ್ಕೃತಿಕ ಭವನ ಊರಿಗೆಲ್ಲ ಒಂದೇ.

ಇದೆಲ್ಲ ಶ್ರೀಮಂತ ಐರೋಪ್ಯ ಒಕ್ಕೂಟದ ಕೊಡುಗೆ, ಗಡಿ ತಪಾಸಣೆಯೇ ಇಲ್ಲದಲ್ಲಿ ಗಡಿಯ ತೊಂದರೆ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಸಹಜ. ಅದರಲ್ಲಿ ಅರ್ಧ ಸತ್ಯವಿದೆ. ಗಡಿ ತಪಾಸಣೆ ತೆಗೆದ ಷೆಂಗೆನ್ ವ್ಯವಸ್ಥೆ ಬಂದದ್ದು 1995ರಲ್ಲಿ, ಬೆನೆಲಕ್ಸ್ ಸುಂಕ ಒಕ್ಕೂಟ 1948ರಲ್ಲಿ. ಬಾರ್ಲೆ ಅದಕ್ಕೂ ಬಹಳ ಹಿಂದಿನದು. ಒಂದನೆಯ ಮಹಾಯುದ್ಧದಲ್ಲಿ ಜರ್ಮನಿ ಬೆಲ್ಜಿಯಂನ ಬಹುಭಾಗವನ್ನು ಹಿಡಿದು, ಡಚ್ ಗಡಿಯುದ್ದಕ್ಕೂ ಕೊಲ್ಲುವ ವಿದ್ಯುತ್ ಬೇಲಿ ಎಳೆಯಿತು. ಬಾರ್ಲೆಯ ಬೆಲ್ಜಿಯನ್ ತುಣುಕುಗಳನ್ನು ತಲುಪಬೇಕಾದರೆ ತಟಸ್ಥ ನೆದರ್ಲೆಂಡ್ಸ್ ನೆಲ ತುಳಿಯಬೇಕಿತ್ತು. ಹಾಗಾಗಿ ಅವು ಸ್ವತಂತ್ರವಾಗಿಯೇ ಉಳಿದವು, ಬೆಲ್ಜಿಯಂ ಸೇನೆ 1915ರಲ್ಲಿ ಅಲ್ಲಿ ನಿಸ್ತಂತು ಕೇಂದ್ರವನ್ನೂ ನಡೆಸಿತು. ಎರಡನೆಯ ಯುದ್ಧದ ನಂತರದ ವರ್ಷಗಳಲ್ಲಿ ಈ ಸೀಮೆ ಬೆಣ್ಣೆಯ ಕಳ್ಳಸಾಗಣೆಗೆ ಹೆಸರಾಗಿತ್ತು. ಸುಂಕದ ಕಾವಲು ಬಿಗಿಯಾಗಿದ್ದ ಕಾಲದಲ್ಲೂ ಯಾವ ದೇಶವೂ ತನ್ನ ತುಣುಕಿನ ಜನರನ್ನು ತನ್ನವರಲ್ಲ ಎನ್ನಲಿಲ್ಲ. ಇನ್ನು ತೆರೆದ ಗಡಿಯೂ ಕಾನೂನಿನ ವ್ಯತ್ಯಾಸ ಅಳಿಸುವುದಿಲ್ಲ: 2020ರ ಮಾರ್ಚ್‌ನಲ್ಲಿ ಕೊರೊನಾ ನಿರ್ಬಂಧ ಬಂದಾಗ ಬೆಲ್ಜಿಯಂ ಬಟ್ಟೆ ಅಂಗಡಿಗಳನ್ನು ಮುಚ್ಚಿಸಿತು, ನೆದರ್ಲೆಂಡ್ಸ್ ಮುಚ್ಚಿಸಲಿಲ್ಲ; ಗಡಿ ಹಾದ ಒಂದು ಅಂಗಡಿಯ ಅರ್ಧಕ್ಕೆ ಪಟ್ಟಿ ಕಟ್ಟಿ ಉಳಿದರ್ಧದಲ್ಲಿ ವ್ಯಾಪಾರ ನಡೆಯಿತು.

ಎರಡೂ ಕಡೆ ಡಚ್ ಭಾಷೆಯೇ ಇರುವುದರಿಂದ ಹೊಂದಾಣಿಕೆ ಸುಲಭವಾಯಿತು ಎಂದೂ ಹೇಳುವುದುಂಟು. ಇದಕ್ಕೆ ಉತ್ತರ ನಮ್ಮ ದೇಶದ ಅಂಚಿನಲ್ಲೇ ಇದೆ. ಕೂಚ್ ಬಿಹಾರದ ಸುತ್ತ ಭಾರತದ 111 ತುಣುಕುಗಳು ಬಾಂಗ್ಲಾದೇಶದೊಳಗೆ, ಬಾಂಗ್ಲಾದೇಶದ 51 ತುಣುಕುಗಳು ಭಾರತದೊಳಗೆ ಇದ್ದವು. ಅಲ್ಲಿಯೂ ಎರಡೂ ಕಡೆ ಒಂದೇ ಭಾಷೆ, ಬಂಗಾಳಿ. 1952ರಲ್ಲಿ ಪಾಸ್‌ಪೋರ್ಟ್ ಮತ್ತು ವೀಸಾ ಪದ್ಧತಿ ಬಂದ ಮೇಲೆ ಆ ಜನ ತಮ್ಮ ದೇಶದ ಕಚೇರಿಗೆ ಹೋಗಬೇಕಾದರೆ ಪರದೇಶ ದಾಟಬೇಕಾಯಿತು. ದಾಟಲು ಬೇಕಾದ ಕಾಗದ ಸಿಗುತ್ತಿದ್ದದ್ದು ಆ ಕಚೇರಿಯಲ್ಲೇ. ಶಾಲೆ, ಆಸ್ಪತ್ರೆ, ವಿದ್ಯುತ್, ಮತದಾನ, ಪೊಲೀಸ್ ರಕ್ಷಣೆ ಎಲ್ಲವೂ ಅವರಿಗೆ ತಪ್ಪಿದವು. 1974ರ ಇಂದಿರಾ-ಮುಜೀಬ್ ಒಪ್ಪಂದ ವಿನಿಮಯಕ್ಕೆ ಒಪ್ಪಿದರೂ ಅದು ಜಾರಿಯಾದದ್ದು ಸಂವಿಧಾನದ ನೂರನೆಯ ತಿದ್ದುಪಡಿಯ ನಂತರ, 2015ರ ಜುಲೈ 31ರ ನಡುರಾತ್ರಿ. ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಅಂದು ಒಂದು ದೇಶ ಸಿಕ್ಕಿತು. ಹಾಗಾದರೆ ವಿನಿಮಯವೇ ಸರಿಯಾದ ಮದ್ದಲ್ಲವೆ ಎಂದು ಕೇಳಬಹುದು. ಅಲ್ಲಿ ಅದು ಸರಿಯೇ ಆಗಿತ್ತು, ತಡವಾದದ್ದೇ ದೊಡ್ಡ ಅನ್ಯಾಯ. ಆದರೆ ಜನ ನರಳಿದ್ದು ಗೆರೆಯ ವಕ್ರತೆಯಿಂದಲ್ಲ, ಎರಡೂ ಸರ್ಕಾರಗಳು ಕೈಬಿಟ್ಟದ್ದರಿಂದ. ಗೆರೆ ನೆಟ್ಟಗಾಗಲಿ ಎಂದು ಕಾಯುತ್ತ 41 ವರ್ಷ ಸೇವೆಯನ್ನೂ ತಡೆಹಿಡಿದದ್ದನ್ನು ಯಾವ ಭೂಪಟವೂ ಸಮರ್ಥಿಸಲಾರದು. ಬಾರ್ಲೆಯಲ್ಲಿಯೂ ವಿನಿಮಯದ ಯತ್ನ ನಡೆದಿತ್ತು. 1892ರ ಒಪ್ಪಂದಕ್ಕೆ ಅನುಮೋದನೆ ಸಿಗದೆ ಅದು ಬಿದ್ದುಹೋಯಿತು. ಅದಕ್ಕಾಗಿ ಯಾರ ಮನೆಯ ದೀಪವೂ ಆರಲಿಲ್ಲ.

ಬಂಗಾಳದಲ್ಲೂ ಬಾರ್ಲೆಯ ದಾರಿ ಅಸಾಧ್ಯವಾಗಿರಲಿಲ್ಲ. ಬಾಂಗ್ಲಾದೇಶದ ದಹಗ್ರಾಮ್-ಅಂಗರ್‌ಪೋತಾ 2015ರ ವಿನಿಮಯದಲ್ಲಿ ಸೇರದೆ ಇಂದಿಗೂ ಭಾರತದ ನೆಲದಿಂದ ಸುತ್ತುವರಿದ ತುಣುಕಾಗಿಯೇ ಉಳಿದಿದೆ. ಅದನ್ನು ತಾಯ್ನೆಲಕ್ಕೆ ಜೋಡಿಸುವ ತೀನ್ ಬಿಘಾ ಹಾದಿಯನ್ನು ಭಾರತ 1992ರಲ್ಲಿ ಹಗಲಿನ ಕೆಲವು ಗಂಟೆಗಳಿಗಷ್ಟೇ ತೆರೆಯಿತು. ರಾತ್ರಿ ಕಾಯಿಲೆ ಬಿದ್ದವರಿಗೆ ಬೆಳಗಾಗುವುದನ್ನು ಕಾಯದೆ ದಾರಿಯಿರಲಿಲ್ಲ. 2011ರಿಂದ ಅದು ದಿನದ 24 ಗಂಟೆಯೂ ತೆರೆದಿದೆ. ಅದಕ್ಕಾಗಿ ಗಡಿಯನ್ನು ಒಂದು ಅಡಿಯೂ ಸರಿಸಬೇಕಾಗಲಿಲ್ಲ.