ಅಪ್‌ಡೇಟ್ ಬಂದ ರಾತ್ರಿಯೇ ಕನ್ನ

ದೊಡ್ಡಬಳ್ಳಾಪುರದ ಸೀರೆ ಅಂಗಡಿ, ಹೊಸಕೋಟೆಯ ಶಾಲೆ, ನೆಲಮಂಗಲದ ಗೋದಾಮು, ದೇವನಹಳ್ಳಿಯ ಕಲ್ಯಾಣ ಮಂಟಪ, ಎಲ್ಲಕ್ಕೂ ಈಗ ವೆಬ್‌ಸೈಟ್ ಉಂಟು. ನಾನು ಕಂಡವುಗಳಲ್ಲಿ ಹೆಚ್ಚಿನವು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದವು. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ 40ಕ್ಕೂ ಹೆಚ್ಚು ನಡೆಯುವುದು ಇದರ ಮೇಲೆಯೇ. ಇಂಥ ಕೆಲವು ಸೈಟ್‌ಗಳನ್ನು ನೋಡಿಕೊಳ್ಳುವ ನನ್ನ ಕಿವಿಗೆ ಪದೇ ಪದೇ ಬೀಳುವ ಮಾತುಗಳಿವು.

ತಪ್ಪು ಕಲ್ಪನೆ: ನಮ್ಮದು ಸಣ್ಣ ಅಂಗಡಿ, ಯಾರು ಹ್ಯಾಕ್ ಮಾಡುತ್ತಾರೆ?

ವಾಸ್ತವ: ಅಂಗಡಿ ನೋಡಿ ಕನ್ನ ಹಾಕುವ ಕಳ್ಳರಲ್ಲ ಇವರು. ಸಿಕ್ಕ ಸಿಕ್ಕ ವಿಳಾಸದ ಬಾಗಿಲನ್ನೆಲ್ಲ ತಳ್ಳಿ ನೋಡುವ ಪ್ರೋಗ್ರಾಂಗಳನ್ನು ಬಿಟ್ಟಿರುತ್ತಾರೆ. ಒಂದು ಸೀರೆ ಅಂಗಡಿಯ ಸೈಟ್ ಯಜಮಾನರ ಮೊಬೈಲಿನಲ್ಲಿ ಎಂದಿನಂತೆಯೇ ಇತ್ತು. ಗೂಗಲ್‌ನಲ್ಲಿ ಹುಡುಕಿದರೆ ಅದೇ ಹೆಸರಿನಡಿ ಜಪಾನಿ ಅಕ್ಷರಗಳಲ್ಲಿ ಚಪ್ಪಲಿ, ಗಡಿಯಾರಗಳ ಸಾವಿರಾರು ಪುಟಗಳು. ಒಳಗೆ ಸೇರಿಸಿದ್ದ ಕೋಡ್ ಸರ್ಚ್ ಎಂಜಿನ್‌ಗೊಂದು ಮುಖ, ಮಾಲೀಕರಿಗೊಂದು ಮುಖ ತೋರಿಸುತ್ತಿತ್ತು. ಗಿರಾಕಿಯೊಬ್ಬರು ಫೋನ್ ಮಾಡಿ ಕೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಕಳ್ಳರಿಗೆ ಬೇಕಿದ್ದದ್ದು ಅಂಗಡಿಯವರು ವರ್ಷಗಟ್ಟಲೆ ಗಳಿಸಿದ್ದ ಒಳ್ಳೆಯ ಹೆಸರು.

ತಪ್ಪು ಕಲ್ಪನೆ: ಅಪ್‌ಡೇಟ್ ಮುಂದಿನ ತಿಂಗಳು ಮಾಡಿದರಾಯಿತು.

ವಾಸ್ತವ: ಅಪಾಯ ಶುರುವಾಗುವುದೇ ಅಪ್‌ಡೇಟ್ ಬಂದ ಗಳಿಗೆಯಿಂದ. ಹಳೆಯ ಕೋಡ್, ಹೊಸ ಕೋಡ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಿರುಕು ಎಲ್ಲಿತ್ತೆಂದು ಬಲ್ಲವರಿಗೆ ತಿಳಿಯುತ್ತದೆ. 2014ರ ಅಕ್ಟೋಬರ್ 15ರಂದು, ವರ್ಡ್‌ಪ್ರೆಸ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ಡ್ರುಪಲ್‌ನ ತಂಡ ಒಂದು ದೊಡ್ಡ ಲೋಪಕ್ಕೆ ತೇಪೆ ಹಾಕಿತು. ಪ್ರಕಟಣೆಯಾದ 7 ಗಂಟೆಯೊಳಗೆ ಅಪ್‌ಡೇಟ್ ಮಾಡದ ಡ್ರುಪಲ್ 7 ಸೈಟ್‌ಗಳೆಲ್ಲ ಹ್ಯಾಕ್ ಆಗಿವೆ ಎಂದೇ ತಿಳಿಯಿರಿ ಎಂದು ಎರಡು ವಾರದ ಮೇಲೆ ಆ ತಂಡವೇ ಎಚ್ಚರಿಸಿತು. ನಮ್ಮ ಗಡಿಯಾರದಲ್ಲಿ ಅದು ರಾತ್ರಿ ಒಂಬತ್ತೂವರೆಯಿಂದ ನಸುಕಿನ ನಾಲ್ಕೂವರೆ, ಅಂದರೆ ನಾವು ಮಲಗಿ ಏಳುವಷ್ಟು ಹೊತ್ತು. ಆಮೇಲೆ ಅಪ್‌ಡೇಟ್ ಮಾಡಿದರೆ ಬಿರುಕೇನೋ ಮುಚ್ಚುತ್ತದೆ, ಅಷ್ಟರಲ್ಲಿ ಒಳಹೊಕ್ಕವನು ಮಾಡಿಟ್ಟ ಕಳ್ಳಬಾಗಿಲು ಹಾಗೇ ಉಳಿಯುತ್ತದೆ.

2017ರ ಜನವರಿ 26ರಂದು ವರ್ಡ್‌ಪ್ರೆಸ್ 4.7.2 ಬಂದಾಗ ತಂಡ ಒಂದು ದೊಡ್ಡ ಲೋಪದ ವಿಷಯವನ್ನು, ಎಲ್ಲರೂ ಅಪ್‌ಡೇಟ್ ಮಾಡಿಕೊಳ್ಳಲಿ ಎಂದು ಬೇಕೆಂದೇ ಫೆಬ್ರುವರಿ 1ರವರೆಗೆ ಹೊರಬಿಡಲಿಲ್ಲ. ಅಷ್ಟು ದಿನ ಕಳೆದರೂ ಅಪ್‌ಡೇಟ್ ಮಾಡದೆ ಉಳಿದವರ ಸೈಟ್‌ಗಳಲ್ಲಿ ಮುಂದಿನ ದಿನಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಪುಟಗಳು ವಿರೂಪಗೊಂಡವು.

ತಪ್ಪು ಕಲ್ಪನೆ: ಅಪ್‌ಡೇಟ್ ಮಾಡಿದರೆ ಸೈಟೇ ಕೆಟ್ಟುಹೋಗುತ್ತದೆ.

ವಾಸ್ತವ: ಈ ಭಯ ಸುಳ್ಳಲ್ಲ, ಒಮ್ಮೊಮ್ಮೆ ಕೆಡುತ್ತದೆ. ಅದಕ್ಕೇ ಮೊದಲು ಬ್ಯಾಕಪ್, ಅದೂ ಬೇರೆ ಜಾಗದಲ್ಲಿ. ಸಣ್ಣಪುಟ್ಟ ಸುರಕ್ಷತಾ ಅಪ್‌ಡೇಟ್‌ಗಳನ್ನು ವರ್ಡ್‌ಪ್ರೆಸ್ 2013ರಿಂದ ತಾನಾಗಿಯೇ ಹಾಕಿಕೊಳ್ಳುತ್ತದೆ. ಸೈಟ್ ಕಟ್ಟಿಕೊಟ್ಟವರು ಅದನ್ನು ಆಫ್ ಮಾಡಿ ಹೋಗಿದ್ದಾರೆಯೇ ಎಂದು ಇವತ್ತೇ ನೋಡಿಕೊಳ್ಳಿ.

ತಪ್ಪು ಕಲ್ಪನೆ: ವರ್ಡ್‌ಪ್ರೆಸ್ ಹೊಸದಿದೆ, ಬೇಡದ ಪ್ಲಗಿನ್ ಆಫ್ ಮಾಡಿದ್ದೇವೆ, ಸಾಕು.

ವಾಸ್ತವ: ಪ್ಲಗಿನ್ ಎಂದರೆ ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಂ. ಆಫ್ ಮಾಡಿದರೂ ಅದರ ಫೈಲ್‌ಗಳು ಸರ್ವರ್‌ನಲ್ಲೇ ಇರುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನ ಒಂದು ಫೈಲನ್ನು ಪಾಸ್‌ವರ್ಡ್ ಇಲ್ಲದೆಯೇ ಹೊರಗಿನಿಂದ ಓಡಿಸಬಹುದಾಗಿತ್ತು. ಸುಮಾರು 7 ಲಕ್ಷ ಸೈಟ್‌ಗಳಲ್ಲಿ ಆ ಪ್ಲಗಿನ್ ಇತ್ತು. ಬೇಡದ್ದನ್ನು ಅಳಿಸಿಬಿಡಿ. ಪುಕ್ಕಟೆ ಸಿಗುವ ಕ್ರ್ಯಾಕ್ ಮಾಡಿದ ಥೀಮ್ ಅಂತೂ ಬೇಡವೇ ಬೇಡ.

ತಪ್ಪು ಕಲ್ಪನೆ: ವಿಳಾಸದ ಪಕ್ಕ ಬೀಗದ ಗುರುತಿದೆ, ಸೈಟ್ ಭದ್ರ.

ವಾಸ್ತವ: ಆ ಬೀಗ ಕಾಯುವುದು ದಾರಿಯಲ್ಲಿ ಹೋಗುವ ಮಾಹಿತಿಯನ್ನಷ್ಟೇ.

ತಪ್ಪು ಕಲ್ಪನೆ: ಮಾಡಿಕೊಟ್ಟವರೇ ನೋಡಿಕೊಳ್ಳುತ್ತಾರೆ.

ವಾಸ್ತವ: ಬೀರಸಂದ್ರದಲ್ಲಿರುವ ನಮ್ಮ ಜಿಲ್ಲಾಡಳಿತ ಭವನದವರಿಗೆ ಆ ಅನುಕೂಲ ಇದೆ. ಜಿಲ್ಲೆಯ ವೆಬ್‌ಸೈಟ್ ಕೇಂದ್ರ ಸರ್ಕಾರದ ಐಟಿ ಸಂಸ್ಥೆಯಾದ ಎನ್‌ಐಸಿಯ ವೇದಿಕೆಯಲ್ಲಿರುವುದರಿಂದ ತೇಪೆ ಹಾಕುವ ಕೆಲಸ ಒಂದೇ ಕಡೆ ನಡೆಯುತ್ತದೆ. ನಮಗೆ ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಬದಲಿಸಿರುತ್ತಾನೆ, ಅಡ್ಮಿನ್ ಪಾಸ್‌ವರ್ಡ್ ಅವನ ಹತ್ತಿರವೇ ಉಳಿದಿರುತ್ತದೆ. ತಿಂಗಳ ನಿರ್ವಹಣೆಗೆ ದುಡ್ಡು ಕೊಡುತ್ತಿಲ್ಲವಾದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ತಪ್ಪು ಕಲ್ಪನೆ: ಹ್ಯಾಕ್ ಆದರೆ ಯಾರಿಗೂ ಹೇಳದೆ ಅಳಿಸಿ ಹೊಸದು ಹಾಕಿದರೆ ಮುಗಿಯಿತು.

ವಾಸ್ತವ: ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು. ವೆಬ್‌ಸೈಟ್ ವಿರೂಪಗೊಳಿಸುವುದೂ ತಿಳಿಸಬೇಕಾದ ಘಟನೆಗಳ ಪಟ್ಟಿಯಲ್ಲಿದೆ. ಅಳಿಸುವ ಮೊದಲು ಸರ್ವರ್‌ನ ಲಾಗ್ ಫೈಲ್‌ಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಆ ಸೀರೆ ಅಂಗಡಿಯವರು ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿದ್ದರು. ಕಳ್ಳ ಯಾವ ಬಾಗಿಲಿನಿಂದ ಬಂದನೆಂದು ಕೊನೆಗೂ ಪತ್ತೆಯಾಗಲಿಲ್ಲ. ಮೂರೇ ವಾರಕ್ಕೆ ಅದೇ ಜಪಾನಿ ಪುಟಗಳು ಮತ್ತೆ ಬಂದವು.