ಹುಂಜ ಕುಂಟಿತೆಂದು ಕತ್ತಿ ಎತ್ತಬೇಡಿ

ಬೆಳಗಿನ ಜಾವ ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದ ಹುಂಜ ಆ ದಿನ ಕೂಗಲಿಲ್ಲ. ಗೂಡಿನ ಬಾಗಿಲು ತೆಗೆದಾಗ ಹೇಂಟೆಗಳೆಲ್ಲ ಹೊರಬಂದವು. ಹುಂಜ ಮಾತ್ರ ಎಡಗಾಲು ಎಳೆಯುತ್ತ ಎರಡು ಹೆಜ್ಜೆ ಇಟ್ಟು ಕುಳಿತುಬಿಟ್ಟಿತು. ಮಳೆಗಾಲದಲ್ಲಿ ಮನೆಬಾಗಿಲಿಗೆ ಮಾರಲು ತಂದವರಿಂದ ನಾವು ಕೊಂಡ ಆರು ಮರಿಗಳಲ್ಲಿ ಅದೂ ಒಂದು. ಪ್ರಾಯ ಐದು ತಿಂಗಳು.

ಮುಳ್ಳು ಚುಚ್ಚಿರಬೇಕು ಎಂದರು ಅಣ್ಣ. ನಾಯಿ ಅಟ್ಟಿರಬಹುದು ಎಂದರು ಅತ್ತಿಗೆ. ಅಮ್ಮನ ಮಾತು ಬೇರೆ: "ಸಾಯುವ ಮೊದಲು ಪದಾರ್ಥ ಮಾಡಿಬಿಡಿ. ಸತ್ತರೆ ಸುಮ್ಮನೆ ನಷ್ಟ." ಕೋಳಿ ಸಾಕುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಇದನ್ನು ಬರೆಯಲು ಕಾರಣವೂ ಅದೇ ಮಾತು.

ಮೊದಲು ಕಾಲು ನೋಡಿ

ಕುಂಟುವ ಕೋಳಿಗೆಲ್ಲ ಮಹಾಮಾರಿ ತಗಲಿದೆ ಎಂದಲ್ಲ. ಪಾದದ ಅಡಿಯಲ್ಲಿ ಬಾವು ಬಂದು ನಡುವೆ ಕಪ್ಪು ಹೊಪ್ಪಳೆ ಕಟ್ಟಿದ್ದರೆ ಅದು ಗಾಯ ಕೀವಾದದ್ದು. ಗಂಟು ಬಿಸಿಯಾಗಿ ಊದಿದ್ದರೆ ಪೆಟ್ಟು ಅಥವಾ ಸೋಂಕು. ಎಳೆಯ ಮರಿಗಳ ಬೆರಳು ಒಳಕ್ಕೆ ಮಡಚಿಕೊಂಡರೆ ಬಿ2 ಜೀವಸತ್ವದ ಕೊರತೆ ಇರಬಹುದು. ಇವಕ್ಕೆಲ್ಲ ಚಿಕಿತ್ಸೆ ಇದೆ.

ನಮ್ಮ ಹುಂಜನ ಪಾದದಲ್ಲಿ ಮುಳ್ಳಿಲ್ಲ, ಬಾವಿಲ್ಲ. ಜುಟ್ಟು ಕೆಂಪಾಗಿಯೇ ಇತ್ತು. ಮುಂದಿಟ್ಟ ಅಕ್ಕಿಯನ್ನು ತಿನ್ನುತ್ತಿತ್ತು. ಆದರೆ ಮೂರನೆಯ ದಿನ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಬಿದ್ದುಕೊಂಡಿತು. ಅದನ್ನು ಬೇರೆ ಬುಟ್ಟಿಯಡಿ ಇಟ್ಟು, ನೀರು ಹತ್ತಿರವಿಟ್ಟು, ಹೇಂಟೆಗಳ ಕೆಲಸ ಮುಗಿಸಿದ ಮೇಲೆಯೇ ಅದರ ಬಳಿ ಹೋಗಿ ಸಾಬೂನಿನಿಂದ ಕೈ ತೊಳೆಯುತ್ತಿದ್ದೆವು. ರೋಗ ಯಾವುದೆಂದು ತಿಳಿಯುವ ಮೊದಲೇ ಯಾರೂ ಮಾಡಬಹುದಾದ ಕೆಲಸವಿದು.

'ವಸಂತ' ಎಂದರೆ ಋತುವಲ್ಲ

ಹತ್ತಿರದ ಮೃಗಾಸ್ಪತ್ರೆಯ ಗೋಡೆಯಲ್ಲಿದ್ದ ಸೂಚನೆ ಮಲಯಾಳದಲ್ಲಿ ಮಾತ್ರ ಇತ್ತು. ಅದರಲ್ಲಿ 'ಕೋಳಿವಸಂತ' ಎಂದು ಬರೆದಿತ್ತು. ಕನ್ನಡ ಶಾಲೆಯಲ್ಲಿ ಕಲಿತ ನಮಗೆ ವಸಂತವೆಂದರೆ ಮಾವು ಚಿಗುರುವ ಕಾಲ. ಮಲಯಾಳದ ಕೋಳಿವಸಂತವೋ, ನಾವು ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗ. ಕುಮಾವೂಂ ಬೆಟ್ಟದ ರಾಣಿಖೇತ್ ಊರಿನ ಹೆಸರು ಅದಕ್ಕೆ ಬಂದಿದೆ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕುತ್ತಿಗೆ, ಸೋತ ಕಾಲು ರೆಕ್ಕೆ ಇದರ ಲಕ್ಷಣಗಳು. ಲಸಿಕೆ ಇಲ್ಲದ ಗೂಡಿಗೆ ಹೊಕ್ಕರೆ ಕೆಲವೇ ದಿನಗಳಲ್ಲಿ ಗೂಡು ಬರಿದಾಗಬಹುದು.

'ಪಕ್ಷಿಪ್ಪನಿ' ಎಂದರೆ ಹಕ್ಕಿಜ್ವರ. ಕೇರಳದಲ್ಲಿ ಇದು 2014ರಲ್ಲಿ ಆಲಪ್ಪುಳದ ಬಾತುಕೋಳಿಗಳಿಗೂ 2020ರ ಮಾರ್ಚಿನಲ್ಲಿ ಕೋಝಿಕ್ಕೋಡಿನ ಕೋಳಿಗಳಿಗೂ ಬಂದಿತ್ತು. ಒಮ್ಮೆಗೇ ಹಲವು ಕೋಳಿ ಸಾಯುವುದು, ಜುಟ್ಟು ನೀಲಿಗಟ್ಟುವುದು, ಮುಖ ಊದುವುದು ಇದರ ಗುರುತು. ಅಪರೂಪವಾದರೂ ಇದು ಮನುಷ್ಯರಿಗೆ ತಗಲುತ್ತದೆ. ಚೆನ್ನಾಗಿ ಬೇಯಿಸಿದ ಮಾಂಸದಲ್ಲಿ ವೈರಸ್ ಉಳಿಯದು. ಅಪಾಯ ಇರುವುದು ರೋಗದ ಕೋಳಿಯನ್ನು ಕೊಯ್ದು, ಪುಕ್ಕ ತೆಗೆದು, ಹೆಚ್ಚುವ ಕೈಗಳಿಗೆ. ಅಮ್ಮನ ಮಾತಿಗೆ ನಾವು ಒಪ್ಪದಿದ್ದುದು ಇದಕ್ಕಾಗಿ. ಪದಾರ್ಥ ಮಾಡುವವರು ಅಮ್ಮನೇ ಅಲ್ಲವೇ?

ವೈದ್ಯರಿಗೆ ಹೇಳಬೇಕಾದ ಎರಡು ಮಾತು ಗೊತ್ತಿದ್ದರೆ ಒಳ್ಳೆಯದು: ಕುಂಟುವುದಕ್ಕೆ 'ಮುಡಂದ್', ಭೇದಿಗೆ 'ವಯರಿಳಕ್ಕಂ'. ನಾವು ಕನ್ನಡದಲ್ಲಿಯೇ ಹೇಳಿದೆವು. ವೈದ್ಯರು ತಾಳ್ಮೆಯಿಂದ ಕೇಳಿದರು. ಆದರೂ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದಾಗಲೇ ಅವರಿಗೆ ಪೂರ್ತಿ ಅರ್ಥವಾದದ್ದು.

ಹುಂಜಗಳಲ್ಲಿಯೇ ಕಂಡ ರೋಗ

"ಮಾರೆಕ್ಸ್ ಇರಬೇಕು" ಎಂದರು ಅವರು. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ ಕಾಲು ಸೋತ ನಾಲ್ಕು ಹುಂಜಗಳನ್ನು ಪರೀಕ್ಷಿಸಿ ಈ ರೋಗವನ್ನು ವಿವರಿಸಿದ್ದರು. ಕಾರಣ ಒಂದು ವೈರಸ್; ಪುಕ್ಕದ ಬುಡದಿಂದ ಉದುರುವ ಧೂಳಿನೊಡನೆ ಹರಡುತ್ತದೆ, ಗೂಡಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮೊಟ್ಟೆಯ ಒಳಗಿನಿಂದ ಮರಿಗೆ ಬರುವುದಿಲ್ಲ, ಮನುಷ್ಯರಿಗೆ ತಗಲುವುದಿಲ್ಲ. ಚಿಕಿತ್ಸೆ ಇಲ್ಲ. ಲಸಿಕೆ ಇದೆ, ಆದರೆ ಮರಿ ಮೊಟ್ಟೆಯೊಡೆದು ಬಂದ ದಿನವೇ ಕೊಡಬೇಕು. ನಮ್ಮ ಮರಿಗಳಿಗೆ ಕೊಟ್ಟಿದ್ದರೋ ಇಲ್ಲವೋ, ಕೊಳ್ಳುವಾಗ ನಾವು ಕೇಳಿಯೇ ಇರಲಿಲ್ಲ.

ಒಂಬತ್ತನೆಯ ದಿನ ಹುಂಜ ಸತ್ತಿತು. ವೈದ್ಯರು ಹೇಳಿದ್ದಂತೆ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿ ಆಸ್ಪತ್ರೆಗೆ ಒಯ್ದೆವು. ಅವರು ಕೊಯ್ದು ತೋರಿಸಿದರು: ಎಡತೊಡೆಯ ನರ ಬಲತೊಡೆಯದಕ್ಕಿಂತ ದಪ್ಪವಾಗಿ ಊದಿತ್ತು. ಸಂಶಯ ಅಲ್ಲಿಗೆ ತೀರಿತು. ಉಳಿದದ್ದನ್ನು ಬಾವಿಯಿಂದ ದೂರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿದೆವು.

ನಾವು ಕಲಿತದ್ದು

ಒಂದು ಕೋಳಿ ಕುಂಟಿದರೆ ಬೇರೆ ಮಾಡಿ, ಕಾಲು ನೋಡಿ, ವೈದ್ಯರಲ್ಲಿ ಕೇಳಿ. ಮಾರಬೇಡಿ, ಕೊಯ್ಯಬೇಡಿ, ನೆಂಟರ ಮನೆಗೆ ಕಳಿಸಬೇಡಿ. ಹಲವು ಕೋಳಿ ಒಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟದೆ, ತೋಡಿಗೆ ಎಸೆಯದೆ, ಅದೇ ದಿನ ತಿಳಿಸಿ. 2009ರ ಕೇಂದ್ರ ಕಾಯಿದೆಯಂತೆ ಇಂಥ ಸಾಂಕ್ರಾಮಿಕ ರೋಗದ ಸಂಶಯ ಬಂದರೆ ವಿಲೇಜ್ ಆಫೀಸರಿಗೆ ಅಥವಾ ಪಂಚಾಯತಿಗೆ ತಿಳಿಸುವುದು ಸಾಕುವವರ ಹೊಣೆ. ಬಚ್ಚಿಟ್ಟರೆ ನಷ್ಟ ನಮ್ಮದೊಂದೇ ಗೂಡಿಗಲ್ಲ, ಊರಿಗೆ.

ಹೊಸ ಮರಿ ಕೊಳ್ಳುವಾಗ ಮಾರೆಕ್ಸ್ ಲಸಿಕೆ ಆಗಿದೆಯೇ ಎಂದು ಕೇಳಿ. ಕೊಕ್ಕರೆ ರೋಗದ ಲಸಿಕೆಯನ್ನು ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಯಾಗಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದಾಗಿ ಕೊಡಿಸಿ. ಲಸಿಕೆಯನ್ನು ಮಂಜುಗಡ್ಡೆಯ ಜೊತೆಯಲ್ಲಿಯೇ ತನ್ನಿ. ಬಿಸಿಲಲ್ಲಿ ಬಂದ ಲಸಿಕೆ ಬರಿಯ ನೀರು.

ನಮ್ಮ ಐದು ಹೇಂಟೆಗಳು ಇನ್ನೂ ಇವೆ, ಮೊಟ್ಟೆ ಇಡುತ್ತಿವೆ. ಅವೂ ಅದೇ ಧೂಳು ಉಸಿರಾಡಿದವು, ವೈರಸ್ ಅವುಗಳಲ್ಲಿಯೂ ಇರಬಹುದು. ಅದಕ್ಕಾಗಿ ಲಸಿಕೆಯಾಗದ ಮರಿಯನ್ನು ಅವುಗಳ ಜೊತೆ ಬಿಡುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಹೊಸ ಹುಂಜ ಬರುವ ತನಕ ನಮ್ಮನ್ನು ಎಬ್ಬಿಸುವುದು ಪಕ್ಕದ ಮನೆಯ ಹುಂಜ. ಅವರಿಗೂ ಇದನ್ನೆಲ್ಲ ಹೇಳಿದ್ದೇವೆ.