ಗುಡ್ಡದ ಬುಡದಾಗ ವಸ್ತಿ

ಅಕ್ಕಂದಿರೇ, ಎಪ್ಪತ್ತು ಗಿರಿಗಿಂತ ಕಪ್ಪತಗಿರಿ ಮೇಲು ಅಂತಾರೆ ನಮ್ಮ ಹಿರಿಯರು. ಆ ಕಪ್ಪತಗುಡ್ಡ ನಮ್ಮ ನಾಗಾವಿಯಿಂದ ದೂರವೇನಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದೆ.

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಆದರೂ ಈ ಗುಡ್ಡದಲ್ಲಿ ನೂರಾರು ಔಷಧಿ ಗಿಡಗಳಿವೆ. ಯಾವ ಬೇರು ಯಾವ ಬ್ಯಾನಿಗೆ ಅನ್ನುವುದು ಸುತ್ತಲಿನ ಊರಿನ ಹಿರಿಯರಿಗೆ ಗೊತ್ತು. ಗಿಡ ಹೋದರೆ ಆ ತಿಳಿವಳಿಕೆಯೂ ಹೋಗುತ್ತದೆ.

2015ರಲ್ಲಿ ಸರ್ಕಾರ ಈ ಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದು ಸಾರಿತು. 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ತೆಗೆದುಕೊಂಡಿತು. ಜನ ಸುಮ್ಮನೆ ಕೂಡಲಿಲ್ಲ. ಗದಗಿನಲ್ಲಿ ಧರಣಿ ಕುಳಿತರು. 2017ರಲ್ಲಿ ರಕ್ಷಣೆ ಮತ್ತೆ ಸಿಕ್ಕಿತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆಗಳಿಗೂ ಇದೇ ಮನೆ.

ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ರಾತ್ರಿ ಉಳಿಯುವುದಾದರೆ ಗುಡ್ಡದ ಬುಡದ ಊರಲ್ಲೇ ವಸ್ತಿ ಮಾಡೋಣ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕಾಡಿನೊಳಗೆ ಉಳಿಯಬಾರದು.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಬ್ಯಾಸಗಿಯಲ್ಲಿ ಗುಡ್ಡದ ಹುಲ್ಲು ಒಣಗಿರ್ತದ. ಒಲೆಯ ಒಂದು ಕಿಡಿ, ಒಂದು ಬೀಡಿ ತುಂಡು ಸಾಕು. ಹುಲ್ಲು ಸುಡ್ತದ. ಔಷಧಿ ಗಿಡ ಸುಡ್ತದ. ನೆಲದ ಮ್ಯಾಲೆ ಇಟ್ಟ ಹಕ್ಕಿ ಮೊಟ್ಟೆ ಸುಡ್ತದ. ಆಮೇಲೆ ಬೋಳು ನೆಲದ ಮಣ್ಣು ಮಳೆಗೆ ಕೊಚ್ಚಿಕೊಂಡು ಬಂದು ಕೆರೆಗೆ ಬೀಳ್ತದ. ಕೆರೆಯಲ್ಲಿ ಹೂಳು ತುಂಬಿದರೆ ಕೊಡ ಹೊತ್ತು ಅಲೆಯುವವರು ಯಾರು? ನಾವೇ ಅಲ್ಲವೇ?

ಅದಕ್ಕೆ ಗುಡ್ಡದಲ್ಲಿ ಒಲೆ ಹೂಡುವುದು ಬ್ಯಾಡ. ರೊಟ್ಟಿ, ಚಟ್ನಿ ಮನೆಯಿಂದಲೇ ಒಯ್ಯೋಣ. ಎಲ್ಲಾದರೂ ಹೊಗೆ ಕಂಡರೆ ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸೋಣ.